2.4 ಬರಬೇಕಿತ್ತು, 1.7 ಬಂತು: ಒಂದು ಪದವಿ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಪದವಿಗೆ ಸೇರುವ ಹೆಚ್ಚಿನವರನ್ನು ಅಲ್ಲಿಗೆ ಎಳೆದು ತರುವುದು ಚಿತ್ರಗಳು. ನೆಬ್ಯುಲಾ, ಕಪ್ಪುಕುಳಿ, ಶನಿಯ ಬಳೆ. ಸೇರಿದ ಮೇಲೆ ಸಿಗುವುದು ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್. ಮೊದಲ ಎರಡು ವರ್ಷ ಆಕಾಶದ ಮಾತು ಬರುವುದೇ ಅಪರೂಪ. ಇದಕ್ಕೆ ಬೇಸರಪಟ್ಟುಕೊಳ್ಳುವವರು ಬಹಳ. ಆದರೆ ನನ್ನ ಅನುಭವದಲ್ಲಿ ಗಣಿತಕ್ಕಿಂತ ಜಾಸ್ತಿ ಹಾನಿ ಮಾಡುವುದು ಇನ್ನೊಂದಿದೆ. ಅದು ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳು.

ಮೊದಲ ವರ್ಷದ ಲ್ಯಾಬಿನಲ್ಲಿ ಲೋಲಕ ತೂಗಿಸಿ ಗುರುತ್ವದ ವೇಗೋತ್ಕರ್ಷ ಅಳೆಯುತ್ತಾರೆ. ಉತ್ತರ 9.8 ಅಂತ ಎಲ್ಲರಿಗೂ ಗೊತ್ತು. 9.8 ಬಂದರೆ ಪುಸ್ತಕ ಮುಚ್ಚುತ್ತಾರೆ. 9.3 ಬಂದರೆ ಮತ್ತೆ ಅಳೆಯುತ್ತಾರೆ, 9.8ರ ಹತ್ತಿರ ಬರುವವರೆಗೂ ಅಳೆಯುತ್ತಾರೆ. ತಪ್ಪು ಹುಡುಕುವ ಕೆಲಸ ಉತ್ತರ ಸರಿಹೋದ ಕೂಡಲೇ ನಿಂತುಬಿಡುತ್ತದೆ. ಈ ಅಭ್ಯಾಸ ಕೊನೆಯ ವರ್ಷದವರೆಗೂ ಬೆನ್ನು ಬಿಡುವುದಿಲ್ಲ. ಈ ಪ್ರಕರಣ ಅದರದೇ.

ನಾನು ಕೊನೆಯ ವರ್ಷದ ವೀಕ್ಷಣಾ ಪ್ರಾಜೆಕ್ಟುಗಳ ಮೇಲ್ವಿಚಾರಣೆ ಮಾಡುತ್ತೇನೆ. ಇಬ್ಬಿಬ್ಬರ ತಂಡ. 40 ಸೆಂ.ಮೀ. ಕನ್ನಡಿಯ ದೂರದರ್ಶಕ, ಅದಕ್ಕೊಂದು ಸಿಸಿಡಿ ಕ್ಯಾಮೆರಾ (ಬಿದ್ದ ಬೆಳಕನ್ನು ಎಲೆಕ್ಟ್ರಾನುಗಳಾಗಿ ಕೂಡಿಟ್ಟು ಎಣಿಸುವಂಥದ್ದು), ಕೈಯಲ್ಲಿ ಒಂದು ಸೆಮಿಸ್ಟರ್. ಈ ತಂಡದಲ್ಲಿ ಒಬ್ಬಳು ವಿದ್ಯಾರ್ಥಿನಿ, ಒಬ್ಬ ಜೊತೆಗಾರ. ಅವಳು ಲೆಕ್ಕದಲ್ಲಿ ಗಟ್ಟಿಗಿತ್ತಿ. ಕ್ವಾಂಟಮ್ ಮೆಕ್ಯಾನಿಕ್ಸ್ ಪ್ರಶ್ನೆಪತ್ರಿಕೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಲ್ಯಾಬ್ ಅಂದರೆ ಮಾತ್ರ ಅಸಡ್ಡೆ. ‘ಗೊತ್ತಿರೋದನ್ನೇ ಮತ್ತೆ ಅಳೆದು ಏನು ಸಿಗುತ್ತೆ?’ ಅಂತ ನೇರವಾಗಿಯೇ ಕೇಳಿದ್ದಳು. ಜೊತೆಗಾರನಿಗೆ ಲೆಕ್ಕ ಅಷ್ಟಕ್ಕಷ್ಟೆ. ಆದರೆ ಅವನು ಉಪಕರಣಗಳ ಜೊತೆ ತಾಳ್ಮೆಯಿಂದ ಕೂರುತ್ತಿದ್ದ.

ಆರಿಸಿಕೊಂಡ ನಕ್ಷತ್ರ

ವಿಷಯ: ಹೊರಗ್ರಹದ, ಅಂದರೆ ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹದ, ಟ್ರಾನ್ಸಿಟ್. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಸ್ವಲ್ಪ ತಗ್ಗುತ್ತದೆ. ಎಷ್ಟು ತಗ್ಗಿತು ಅಂತ ಅಳೆದರೆ ಗ್ರಹ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಇದು ಪದವಿ ಮಟ್ಟದಲ್ಲಿ ಮಾಡಬಹುದಾದ ಕೆಲಸವೇ. 1999ರಲ್ಲಿ ಎಚ್‌ಡಿ 209458 ಅನ್ನುವ ನಕ್ಷತ್ರದ ಮುಂದೆ ಗ್ರಹ ಹಾಯುವುದನ್ನು ಮೊದಲ ಬಾರಿಗೆ ಕಂಡವರಲ್ಲಿ ಡೇವಿಡ್ ಶಾರ್ಬೊನೊ ಒಬ್ಬರು. ಆಗ ಅವರಿನ್ನೂ ಸಂಶೋಧನಾ ವಿದ್ಯಾರ್ಥಿ. ಬಳಸಿದ ದೂರದರ್ಶಕದ ಅಗಲ ಬರೀ 10 ಸೆಂ.ಮೀ.

ಈ ತಂಡ ಆರಿಸಿದ್ದು ಎಚ್‌ಡಿ 189733. ಅದರ ಗ್ರಹ ಪತ್ತೆಯಾದದ್ದು 2005ರಲ್ಲಿ, ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ. ನಕ್ಷತ್ರ ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರ. ಗ್ರಹ ಗುರುಗ್ರಹಕ್ಕಿಂತ ತುಸು ದೊಡ್ಡದು, ತುಸು ಭಾರ. ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು 2.2186 ದಿನ. ಪ್ರತಿ ಸುತ್ತಿನಲ್ಲೂ ಒಂದೂಮುಕ್ಕಾಲು ಗಂಟೆ ಚಿಲ್ಲರೆ ನಕ್ಷತ್ರದ ಮುಂದಿರುತ್ತದೆ. ಆಗ ಬೆಳಕು ಶೇಕಡ 2.4ರಷ್ಟು ತಗ್ಗುತ್ತದೆ. ಹೊರಗ್ರಹಗಳ ಲೆಕ್ಕದಲ್ಲಿ ಇದು ಭರ್ಜರಿ ತಗ್ಗು. ನಕ್ಷತ್ರವೂ ಪ್ರಕಾಶಮಾನ, ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು ಅನ್ನುವ ಅಳತೆ) ಸುಮಾರು 7.7. ಬೈನಾಕ್ಯುಲರಿನಲ್ಲೇ ಕಾಣುತ್ತದೆ. ‘ಸುಲಭದ್ದು ಆರಿಸಿದ್ದೀವಿ’ ಅಂತ ಇಬ್ಬರೂ ಖುಷಿಯಾಗಿದ್ದರು.

ಈ ನಕ್ಷತ್ರದ ಪಕ್ಕದಲ್ಲೇ, ಕಾಲು ಡಿಗ್ರಿ ದೂರದಲ್ಲಿ, ಡಂಬೆಲ್ ನೆಬ್ಯುಲಾ ಅನ್ನುವ ಅನಿಲದ ಮೋಡ ಇದೆ. ಚೌಕಟ್ಟನ್ನು ಸ್ವಲ್ಪ ಸರಿಸಿದರೆ ಎರಡೂ ಒಂದೇ ಚಿತ್ರದಲ್ಲಿ ಬೀಳುತ್ತವೆ. ದೂರದರ್ಶಕ ಇರುವ ಡೋಮಿಗೆ ಬಂದುಹೋದ ಗೆಳೆಯರೆಲ್ಲ ಪರದೆಯ ಮೂಲೆಯ ನೆಬ್ಯುಲಾವನ್ನೇ ನೋಡಿದರು. ತಂಡ ನಾಲ್ಕು ಗಂಟೆ ಕಾದು ಅಳೆದ ಚುಕ್ಕೆಯನ್ನು ಯಾರೂ ತಿರುಗಿ ನೋಡಲಿಲ್ಲ. ಈ ಪದವಿ ಏನು ಅಂತ ಹೊಸಬರಿಗೆ ತೋರಿಸಲು ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ.

ಮೊದಲ ರಾತ್ರಿ

ಕೆಲಸ ಸರಳ. ನಕ್ಷತ್ರದ ಚಿತ್ರ ತೆಗೆಯುತ್ತಾ ಹೋಗುವುದು. ಪ್ರತಿ ಚಿತ್ರದಲ್ಲಿ ನಕ್ಷತ್ರದ ಸುತ್ತ ಒಂದು ವೃತ್ತ ಎಳೆದು ಒಳಗಿನ ಬೆಳಕನ್ನೆಲ್ಲ ಕೂಡಿಸುವುದು. ಅದೇ ಚಿತ್ರದಲ್ಲಿರುವ ಇನ್ನೊಂದು ಸ್ಥಿರ ನಕ್ಷತ್ರಕ್ಕೂ ಹಾಗೇ ಮಾಡಿ, ಎರಡರ ಅನುಪಾತ ತೆಗೆಯುವುದು. ಗಾಳಿ, ತೇವ, ತೆಳು ಮೋಡ ಇವೆಲ್ಲ ಎರಡೂ ನಕ್ಷತ್ರಗಳಿಗೆ ಒಂದೇ ಥರ ತಟ್ಟುತ್ತವೆ. ಅನುಪಾತದಲ್ಲಿ ಅವು ಬಹುಪಾಲು ಹೊಡೆದುಹೋಗುತ್ತವೆ. ಉಳಿಯುವುದು ಗ್ರಹದ ಕೆಲಸ.

ಎಕ್ಸ್‌ಪೋಶರ್ 8 ಸೆಕೆಂಡ್ ಇಟ್ಟರು. ಕ್ಯಾಮೆರಾ 16 ಬಿಟ್‌ನದು, ಅಂದರೆ ಒಂದು ಪಿಕ್ಸೆಲ್ ತೋರಿಸಬಹುದಾದ ಅತಿ ದೊಡ್ಡ ಸಂಖ್ಯೆ 65,535. ಅವರ ನಕ್ಷತ್ರದ ನಡುಪಿಕ್ಸೆಲ್ ತೋರಿಸುತ್ತಿದ್ದದ್ದು 54,000 ಆಸುಪಾಸು. ಮಿತಿಗಿಂತ ಆರಾಮಾಗಿ ಕೆಳಗೆ. ಲಾಗ್ ಪುಸ್ತಕದಲ್ಲಿ ಅವಳ ಕೈಬರಹದಲ್ಲೇ ಇದೆ: ‘ಸ್ಯಾಚುರೇಟ್ ಆಗಿಲ್ಲ, ಸೇಫ್.’ ಪಿಕ್ಸೆಲ್ ತುಂಬಿ ತುಳುಕಿಲ್ಲ ಅಂತ ಅರ್ಥ. ಹೋಲಿಕೆಗೆ ಹಿಡಿದ ನಕ್ಷತ್ರ ಇದರ ಮೂರನೇ ಒಂದರಷ್ಟು ಮಾತ್ರ ಪ್ರಕಾಶಮಾನ. ಇನ್ನೂ ಪ್ರಕಾಶದ್ದು ಚೌಕಟ್ಟಿನಲ್ಲಿ ಇರಲಿಲ್ಲ. ಪ್ರಕಾಶಮಾನ ನಕ್ಷತ್ರ ಆರಿಸಿಕೊಂಡರೆ ಬರುವ ತಾಪತ್ರಯ ಇದು. ಸರಿಸಮನಾದ ನೆರೆ ಸಿಗುವುದಿಲ್ಲ.

ರಾತ್ರಿ ಸ್ವಚ್ಛವಾಗಿತ್ತು. ಟ್ರಾನ್ಸಿಟ್‌ಗೆ ಒಂದು ಗಂಟೆ ಮೊದಲು ಶುರು ಮಾಡಿ, ಮುಗಿದು ಒಂದು ಗಂಟೆಯ ನಂತರ ನಿಲ್ಲಿಸಿದರು. ಗ್ರಾಫ್ ನೋಡಲು ಚೆಂದ ಇತ್ತು. ಸರಿಯಾದ ಹೊತ್ತಿಗೆ ಇಳಿಯಿತು, ಸರಿಯಾದ ಹೊತ್ತಿಗೆ ಏರಿತು. ಆಳ ಮಾತ್ರ ಶೇಕಡ 1.7.

ಜೊತೆಗಾರ ತಮಾಷೆ ಮಾಡಿದ: ‘1999ರ ಆ ಗ್ರಹದ ತಗ್ಗೂ ಇಷ್ಟೇ ಅಲ್ವಾ? ತಪ್ಪು ಗ್ರಹ ನೋಡಿದ್ದೀವಿ.’

0.7 ಅಂದರೆ ಸಣ್ಣ ವ್ಯತ್ಯಾಸ ಅನ್ನಿಸಬಹುದು. ಸಣ್ಣದಲ್ಲ. ತಗ್ಗಿನ ಆಳ ಎಂದರೆ ಗ್ರಹದ ತ್ರಿಜ್ಯ ಮತ್ತು ನಕ್ಷತ್ರದ ತ್ರಿಜ್ಯದ ಅನುಪಾತದ ವರ್ಗ. 0.024ರ ವರ್ಗಮೂಲ 0.155. 0.017ರ ವರ್ಗಮೂಲ 0.130. ಸಾಂದ್ರತೆಗೆ ಬೇಕಾಗುವುದು ತ್ರಿಜ್ಯದ ಘನ. ಹಾಗಾಗಿ ಇವರ ಅಳತೆಯನ್ನು ನಂಬಿದರೆ ಗ್ರಹದ ಸಾಂದ್ರತೆ ಸುಮಾರು 1.7 ಪಟ್ಟು ಏರಿಬಿಡುತ್ತದೆ. ನೀರಿನ ಆಸುಪಾಸಿನ ಸಾಂದ್ರತೆಯ ಉಬ್ಬಿದ ಅನಿಲದ ಗೋಳ, ಗುರುವಿಗಿಂತಲೂ ಗಟ್ಟಿಯಾದ ಇನ್ನೊಂದೇ ಬಗೆಯ ಗ್ರಹ ಆಗಿಬಿಡುತ್ತದೆ.

2.2ರವರೆಗೆ ಹೋದ ದಾರಿ

ಒಂದು ವಾರ ಬಿಟ್ಟು ಅವಳು ನನ್ನ ಬಳಿ ಬಂದಾಗ ಆಳ 2.2 ಆಗಿತ್ತು.

ಹೇಗೆ ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದಳು. ಬೆಳಕು ಕೂಡಿಸುವ ವೃತ್ತವನ್ನು ಅಗಲ ಮಾಡಿದಾಗ 1.8 ಆಯಿತಂತೆ. ಒಂದಷ್ಟು ಚಿತ್ರಗಳನ್ನು ‘ಸರಿ ಇಲ್ಲ’ ಅಂತ ಕಿತ್ತುಹಾಕಿದಾಗ 2.0. ಟ್ರಾನ್ಸಿಟ್‌ನ ಎರಡೂ ಬದಿಯ ಸಮತಟ್ಟು ಭಾಗಕ್ಕೆ ನೇರ ಗೆರೆ ಬದಲು ಬಾಗಿದ ಗೆರೆ ಹಾಕಿದಾಗ 2.2. ಪ್ರತಿಯೊಂದು ಹೆಜ್ಜೆಗೂ ಒಂದು ಸಮಜಾಯಿಷಿ ಇತ್ತು. ಯಾವುದೂ ಸುಳ್ಳಲ್ಲ. ಈ ಮೂರನ್ನೂ ವೃತ್ತಿಪರರೂ ಮಾಡುತ್ತಾರೆ. ತೊಂದರೆ ಇದ್ದದ್ದು ಹೆಜ್ಜೆಗಳಲ್ಲಲ್ಲ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಪ್ರಕಟಿತ ಸಂಖ್ಯೆ ತೀರ್ಮಾನಿಸುತ್ತಿತ್ತು. 1.7 ಬಂದಾಗ ತಪ್ಪು ಹುಡುಕಿದಳು. 2.4 ಬಂದಿದ್ದರೆ ಹುಡುಕುತ್ತಲೇ ಇರಲಿಲ್ಲ.

ಇದು ವಿದ್ಯಾರ್ಥಿಗಳ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಎಣ್ಣೆಹನಿ ಪ್ರಯೋಗದಲ್ಲಿ ಎಲೆಕ್ಟ್ರಾನಿನ ಆವೇಶ ಅಳೆದಾಗ, ಗಾಳಿಯ ಸ್ನಿಗ್ಧತೆಗೆ ಬಳಸಿದ ಬೆಲೆ ಸ್ವಲ್ಪ ತಪ್ಪಿದ್ದರಿಂದ 1913ರ ಉತ್ತರ ಶೇಕಡ ಅರ್ಧಕ್ಕಿಂತ ತುಸು ಜಾಸ್ತಿ ಕಡಿಮೆ ಬಂದಿತ್ತು. ಆಮೇಲೆ ಅಳೆದವರ ಉತ್ತರಗಳು ಒಮ್ಮೆಲೇ ಸರಿಯಾದ ಜಾಗಕ್ಕೆ ಹಾರಲಿಲ್ಲ, ಮೆಲ್ಲಗೆ ತೆವಳಿಕೊಂಡು ಹೋದವು. ದೊಡ್ಡ ಹೆಸರಿನಿಂದ ದೂರ ಇದ್ದ ಸಂಖ್ಯೆಯ ಮೇಲೆ ಎಲ್ಲರಿಗೂ ಅನುಮಾನ, ಹತ್ತಿರ ಇದ್ದದ್ದರ ಮೇಲೆ ಯಾರಿಗೂ ಇಲ್ಲ.

ಅವಳ ಮೂರು ಹೆಜ್ಜೆಗಳಲ್ಲಿ ನಡುವಿನದು ನನಗೆ ವಿಚಿತ್ರ ಅನ್ನಿಸಿತು. ಕಿತ್ತುಹಾಕಿದ ಚಿತ್ರಗಳ ಪಟ್ಟಿ ಕೇಳಿದೆ. ಪಟ್ಟಿ ನೋಡಿದರೆ ಅವು ಮಸುಕು ಚಿತ್ರಗಳಲ್ಲ. ಗಾಳಿ ತೀರಾ ಶಾಂತವಾಗಿದ್ದಾಗ ತೆಗೆದ, ನಕ್ಷತ್ರ ಅತಿ ಚೂಪಾಗಿ ಬಿದ್ದ ಚಿತ್ರಗಳು. ಅಂದರೆ ರಾತ್ರಿಯ ಅತ್ಯುತ್ತಮ ಚಿತ್ರಗಳು. ‘ಒಳ್ಳೆ ಚಿತ್ರಗಳನ್ನು ತೆಗೆದರೆ ಉತ್ತರ ಸುಧಾರಿಸುತ್ತೆ ಅಂದರೆ ಏನರ್ಥ?’ ಅಂತ ಕೇಳಿದೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿನ ನಂತರ, ‘ಎಲ್ಲಾ ಬದಲಾವಣೆ ವಾಪಸ್ ತೆಗೀತೀನಿ, 1.7ರಿಂದಲೇ ಮತ್ತೆ ಶುರು ಮಾಡ್ತೀನಿ’ ಅಂದಳು.

ಯಾರ ಮೇಲೆ ಅನುಮಾನ

ಇಲ್ಲಿಂದ ಮುಂದೆ ಒಂದು ನಿಯಮ ಹಾಕಿಕೊಂಡೆವು. ಪ್ರತಿ ಅನುಮಾನಕ್ಕೂ ಮೊದಲು ಕಾಗದದ ಮೇಲೆ ಎರಡು ಪ್ರಶ್ನೆ. ಇದು ತಗ್ಗನ್ನು ಯಾವ ದಿಕ್ಕಿಗೆ ತಳ್ಳುತ್ತದೆ? ಎಷ್ಟು ತಳ್ಳುತ್ತದೆ? ಉತ್ತರ ಬರೆಯುವವರೆಗೆ ಕಂಪ್ಯೂಟರ್ ಮುಟ್ಟುವಂತಿಲ್ಲ. ಅವಳಿಗೆ ಇದು ಒಗ್ಗಿತು. ಲ್ಯಾಬ್ ಕೆಲಸ ಒಮ್ಮೆಲೇ ಲೆಕ್ಕದ ಕೆಲಸ ಆಯಿತು ನೋಡಿ.

ಮೊದಲ ಅನುಮಾನ, ವೃತ್ತದೊಳಗೆ ಬೇರೆ ನಕ್ಷತ್ರದ ಬೆಳಕು ಸೇರಿಕೊಂಡಿರಬಹುದು. ಸೇರಿದರೆ ತಗ್ಗು ತೆಳುವಾಗುತ್ತದೆ, ದಿಕ್ಕು ಸರಿ. ಎಷ್ಟು ಬೇಕು? 2.4 ಇದ್ದದ್ದು 1.7 ಆಗಬೇಕಾದರೆ ಸೇರಿಕೊಂಡ ಬೆಳಕು ಮೂಲ ನಕ್ಷತ್ರದ ಶೇಕಡ 41 ಇರಬೇಕು. ಕಾಂತಿಮಾನದಲ್ಲಿ ಹೇಳಿದರೆ ಬರೀ ಒಂದು ದರ್ಜೆ ಮಂಕಾದ ನಕ್ಷತ್ರ. ಅಷ್ಟು ಪ್ರಕಾಶದ್ದು ಪಕ್ಕದಲ್ಲೇ ಇದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಎಚ್‌ಡಿ 189733ಕ್ಕೆ ನಿಜವಾಗಿಯೂ ಒಂದು ಕೆಂಪುಕುಬ್ಜ (ಸಣ್ಣ, ಮಂಕು) ಜೊತೆಗಾರ ನಕ್ಷತ್ರ ಇದೆ, ಸುಮಾರು 11 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ದೂರದಲ್ಲಿ. ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ಪಾಲು ಶೇಕಡ 1ಕ್ಕಿಂತಲೂ ಕಡಿಮೆ. ಈ ಅನುಮಾನ ಅಲ್ಲಿಗೆ ಮುಗಿಯಿತು.

ಆಕಾಶದ ಹಿನ್ನೆಲೆ ಬೆಳಕನ್ನು ಸರಿಯಾಗಿ ಕಳೆದಿಲ್ಲವೇ? ಇದಕ್ಕೂ ಅದೇ ಶೇಕಡ 41 ಬೇಕು. ಖಾಲಿ ಆಕಾಶದ ಮೇಲೆ ಅದೇ ಅಳತೆಯ ವೃತ್ತ ಇಟ್ಟು ನೋಡಿದರು. ಕಳೆದ ಮೇಲೆ ಉಳಿದದ್ದು ಸೊನ್ನೆಯ ಆಸುಪಾಸು.

ಮೂರನೆಯದು ಅವಳಿಗೆ ಬಹಳ ಇಷ್ಟವಾಗಿತ್ತು: ನಕ್ಷತ್ರದ ಮೇಲಿನ ಕಪ್ಪು ಕಲೆಗಳು. ಈ ನಕ್ಷತ್ರ ಚಟುವಟಿಕೆಯದ್ದು. ಸುಮಾರು 12 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ, ಮೈಮೇಲೆ ಕಲೆಗಳಿವೆ. ಹಬಲ್ ದೂರದರ್ಶಕದ ಅಳತೆಗಳಲ್ಲಿ ಗ್ರಹ ಕಲೆಯ ಮೇಲೆ ಹಾದಾಗ ಗ್ರಾಫಿನಲ್ಲಿ ಸಣ್ಣ ಉಬ್ಬು ಕಂಡದ್ದೂ ಇದೆ. ಆದರೆ ದಿಕ್ಕು ನೋಡಿ. ಗ್ರಹದ ದಾರಿಯಲ್ಲಿ ಇಲ್ಲದ ಕಲೆಗಳು ತಗ್ಗನ್ನು ಇನ್ನೂ ಆಳ ಮಾಡುತ್ತವೆ, ಯಾಕೆಂದರೆ ಗ್ರಹ ಮುಚ್ಚುವುದು ಪ್ರಕಾಶದ ಭಾಗವನ್ನು. ದಾರಿಯಲ್ಲಿರುವ ಕಲೆಗಳು ತಗ್ಗನ್ನು ಕಡಿಮೆ ಮಾಡುತ್ತವೆ ನಿಜ. ಆದರೆ ಅದು ಕೆಲವು ನಿಮಿಷದ ಉಬ್ಬು, ಇಡೀ ತಗ್ಗನ್ನು ಮುಕ್ಕಾಲು ಪಾಲಿಗಿಂತ ಕಡಿಮೆ ಮಾಡುವಂಥದ್ದಲ್ಲ. ಆ ಕಾಗದವನ್ನು ಅವಳು ಮನಸ್ಸಿಲ್ಲದ ಮನಸ್ಸಿನಿಂದಲೇ ಪಕ್ಕಕ್ಕಿಟ್ಟಳು. ಕಲೆ ಅಂದರೆ ಖಗೋಳಶಾಸ್ತ್ರ, ಕ್ಯಾಮೆರಾ ಅಂದರೆ ಬರೀ ಉಪಕರಣ ಅನ್ನುವ ಮನೋಭಾವ ಇನ್ನೂ ಇತ್ತು.

ಉಳಿದದ್ದು ಕ್ಯಾಮೆರಾ. ಇಲ್ಲಿ ಅವಳು ಕಿತ್ತುಹಾಕಿದ್ದ ಚೂಪಾದ ಚಿತ್ರಗಳು ಕೆಲಸಕ್ಕೆ ಬಂದವು. ಟ್ರಾನ್ಸಿಟ್ ಶುರುವಾಗುವ ಮೊದಲಿನ ಒಂದು ಗಂಟೆಯ ಚಿತ್ರಗಳನ್ನಷ್ಟೇ ತೆಗೆದುಕೊಂಡಳು. ಆಗ ಗ್ರಹ ಮುಂದೆ ಇಲ್ಲ, ಅನುಪಾತ ಸ್ಥಿರವಾಗಿರಬೇಕು. ಅಡ್ಡಗೆರೆಯಲ್ಲಿ ನಕ್ಷತ್ರದ ಚಿತ್ರ ಎಷ್ಟು ಅಗಲ ಇದೆ ಅನ್ನುವುದನ್ನು, ಲಂಬಗೆರೆಯಲ್ಲಿ ಪ್ರಕಾಶದ ಅನುಪಾತವನ್ನು ಇಟ್ಟಳು. ಸಂಬಂಧ ಇಲ್ಲದಿದ್ದರೆ ಚುಕ್ಕೆಗಳು ಅಡ್ಡಡ್ಡ ಹರಡಬೇಕು. ಹರಡಲಿಲ್ಲ. ಎಡದಿಂದ ಬಲಕ್ಕೆ ಏರಿದವು. ಚಿತ್ರ ಮಸುಕಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶ! ಚೂಪಾದಷ್ಟೂ ಕಡಿಮೆ!

ನಕ್ಷತ್ರಕ್ಕೆ ನಮ್ಮ ಗಾಳಿಯ ಹಂಗೇ ಇಲ್ಲ. ಹಾಗಾದರೆ ಚೂಪಾದ ಚಿತ್ರದಲ್ಲಿ ಬೆಳಕು ಎಲ್ಲಿ ಸೋರಿತು? ಚಿತ್ರ ಚೂಪಾದರೆ ಅದೇ ಬೆಳಕು ಕಡಿಮೆ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ, ನಡುಪಿಕ್ಸೆಲ್ ಹೆಚ್ಚು ತುಂಬುತ್ತದೆ. ಹೆಚ್ಚು ತುಂಬಿದ ಪಿಕ್ಸೆಲ್ ಲೆಕ್ಕ ತಪ್ಪುತ್ತಿದೆ ಅಂತಾಯಿತು.

‘ಆದರೆ 54,000 ಮಿತಿಗಿಂತ ಕೆಳಗೇ ಇದೆಯಲ್ಲ’ ಅಂದಳು.

ಪರದೆ ಮತ್ತು ದೀಪ

ಈ ಭಾಗ ಜೊತೆಗಾರನದು. ಡೋಮಿನ ಒಳಗೆ ಬಿಳಿ ಪರದೆ ಇದೆ. ಅದಕ್ಕೆ ಸ್ಥಿರವಾದ ದೀಪ ಹಾಕಿ, ಎಕ್ಸ್‌ಪೋಶರ್ ಏರಿಸುತ್ತಾ ಚಿತ್ರ ತೆಗೆದ. ನಡುನಡುವೆ 8 ಸೆಕೆಂಡಿಗೆ ವಾಪಸ್ ಬಂದು ಒಂದು ಚಿತ್ರ ತೆಗೆಯುತ್ತಿದ್ದ, ದೀಪವೇ ಏರುಪೇರಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

2 ಸೆಕೆಂಡಿಗೆ ಪಿಕ್ಸೆಲ್‌ನ ಸರಾಸರಿ 6,000. 4ಕ್ಕೆ 12,000. 8ಕ್ಕೆ 24,000. 14ಕ್ಕೆ 42,000. ಇಲ್ಲಿಯವರೆಗೆ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ. 16 ಸೆಕೆಂಡಿಗೆ 48,000 ಬರಬೇಕು. ಬಂದದ್ದು 45,600. 20 ಸೆಕೆಂಡಿಗೆ 60,000 ಬರಬೇಕು, ಬಂದದ್ದು 48,000. 30 ಸೆಕೆಂಡಿಗೆ ಬರಬೇಕಾದದ್ದು 90,000. ಪರದೆಯ ಮೇಲೆ ಮೂಡಿದ ಸಂಖ್ಯೆ 54,000.

ಅದೇ 54,000. ಲಾಗ್ ಪುಸ್ತಕದಲ್ಲಿ ‘ಸೇಫ್’ ಅಂತ ಬರೆದಿದ್ದ ಸಂಖ್ಯೆ.

ಕಾರಣ ಕ್ಯಾಮೆರಾದ ಚಿಪ್‌ನಲ್ಲಿತ್ತು. ಕೆಲವು ಸಿಸಿಡಿಗಳಲ್ಲಿ ಆಂಟಿ-ಬ್ಲೂಮಿಂಗ್ ಅನ್ನುವ ವ್ಯವಸ್ಥೆ ಇರುತ್ತದೆ. ತೀರಾ ಪ್ರಕಾಶದ ನಕ್ಷತ್ರದ ಎಲೆಕ್ಟ್ರಾನುಗಳು ತುಂಬಿ ಪಕ್ಕದ ಪಿಕ್ಸೆಲ್‌ಗೆ ಉಕ್ಕಿ ಹರಿದರೆ ಚಿತ್ರದಲ್ಲಿ ಉದ್ದ ಬಿಳಿ ಗೀಟು ಬೀಳುತ್ತದೆ. ಹಾಗಾಗದಂತೆ, ನೀರಿನ ಟ್ಯಾಂಕಿನ ಮೇಲ್ಭಾಗದಲ್ಲಿ ಇಡುವ ಓವರ್‌ಫ್ಲೋ ಪೈಪಿನ ಹಾಗೆ, ಹೆಚ್ಚಾದ ಎಲೆಕ್ಟ್ರಾನುಗಳನ್ನು ಆಚೆ ಕಳಿಸುತ್ತಾರೆ. ಚೆಂದದ ಚಿತ್ರ ತೆಗೆಯುವವರಿಗೆ ಇದು ವರ. ಬೆಳಕು ಅಳೆಯುವವರಿಗೆ ಬಲೆ. ಈ ಕ್ಯಾಮೆರಾದಲ್ಲಿ ಸೋರಿಕೆ 45,000ದಲ್ಲೇ ಶುರು. ಅಲ್ಲಿಂದ ಮೇಲೆ ಐದು ಎಲೆಕ್ಟ್ರಾನ್ ಬಿದ್ದರೆ ಲೆಕ್ಕಕ್ಕೆ ಸಿಗುವುದು ಒಂದು. 65,535 ಅನ್ನುವುದು ಸಂಖ್ಯೆ ಬರೆಯುವ ವ್ಯವಸ್ಥೆಯ ಮಿತಿ. ಚಿಪ್ ನಿಜ ಹೇಳುವ ಮಿತಿಗೂ ಅದಕ್ಕೂ ಸಂಬಂಧ ಇರಬೇಕಾಗಿಲ್ಲ.

ಈಗ ತಗ್ಗು ಯಾಕೆ ತೆಳುವಾಯಿತು ಅನ್ನುವುದು ಬಿಡಿಸಿಕೊಂಡಿತು. ಗ್ರಹ ಮುಂದೆ ಬಂದಾಗ ಬೆಳಕು ಶೇಕಡ 2.4 ಕಡಿಮೆ ಆಗುತ್ತದೆ. ಆದರೆ ನಕ್ಷತ್ರದ ಅರ್ಧದಷ್ಟು ಬೆಳಕು ಬೀಳುವ ನಡುಪಿಕ್ಸೆಲ್‌ಗಳು ಆ ಇಳಿಕೆಯ ಐದನೇ ಒಂದನ್ನಷ್ಟೇ ತೋರಿಸುತ್ತವೆ. ಹೋಲಿಕೆ ನಕ್ಷತ್ರ ಮಂಕಾದ್ದರಿಂದ ಅದು 30,000 ಆಸುಪಾಸಿನಲ್ಲಿ, ನೇರ ಗೆರೆಯ ಭಾಗದಲ್ಲೇ ಇತ್ತು. ಹಾಗಾಗಿ ದೋಷ ಅನುಪಾತದಲ್ಲಿ ಹೊಡೆದುಹೋಗಲಿಲ್ಲ. ನಕ್ಷತ್ರದ ಚಿತ್ರ ಗಂಟೆಯಾಕಾರದ ದಿಬ್ಬ ಅಂತ ಹಿಡಿದು ಅವಳು ಇಡೀ ಲೆಕ್ಕ ಬೋರ್ಡಿನ ಮೇಲೆ ಮಾಡಿದಳು. ಬಂದ ಉತ್ತರ 1.6ರಿಂದ 1.7. ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನ ಅತ್ಯುತ್ತಮ ಘಳಿಗೆ ಇದೇ. 2.4 ಬಂದದ್ದಲ್ಲ, ತಪ್ಪಾದ 1.7 ಯಾಕೆ 1.7 ಅಂತ ಮುಂಚಿತವಾಗಿ ಹೇಳಲು ಬಂದದ್ದು.

ಅದೇ ರಾತ್ರಿಯ ದತ್ತಾಂಶವನ್ನು ಈ ವಕ್ರರೇಖೆಯಿಂದ ವಾಪಸ್ ಸರಿಪಡಿಸಬಹುದಲ್ಲ ಅಂತ ಜೊತೆಗಾರ ಕೇಳಿದ. ಮಾಡಿ ನೋಡಿದರು. ಆಳ 2.4ರ ಕಡೆಗೆ ಏರಿತು, ಆದರೆ ಸಣ್ಣ ಏರಿಳಿತಗಳೂ ಐದು ಪಟ್ಟು ಹಿಗ್ಗಿ ಗ್ರಾಫ್ ಗಲೀಜಾಯಿತು. ಸೋರಿಹೋದ ಬೆಳಕು ಲೆಕ್ಕದಿಂದ ವಾಪಸ್ ಬರುವುದಿಲ್ಲ. ಮತ್ತೆ ಅಳೆಯಬೇಕು.

ಎರಡನೇ ರಾತ್ರಿ

ಮತ್ತೆ ಯಾವಾಗ? ಇದೂ ಒಂದು ಪುಟ್ಟ ಲೆಕ್ಕ. ಗ್ರಹದ 4 ಸುತ್ತಿಗೆ 9 ದಿನಕ್ಕೆ ಮೂರು ಗಂಟೆ ಕಡಿಮೆ. ಅರ್ಧ ಟ್ರಾನ್ಸಿಟ್ ಮುಸ್ಸಂಜೆ ಬೆಳಕಲ್ಲೇ ಮುಗಿಯುತ್ತದೆ. 5 ಸುತ್ತಿಗೆ 11 ದಿನ, ಮೇಲೆ ಎರಡೂಕಾಲು ಗಂಟೆ. ಅಷ್ಟು ಹೊತ್ತಿಗೆ ನಕ್ಷತ್ರ ಪಶ್ಚಿಮಕ್ಕೆ ತೀರಾ ವಾಲಿರುತ್ತದೆ. 9 ಸುತ್ತಿಗೆ 20 ದಿನಕ್ಕೆ 47 ನಿಮಿಷ ಕಡಿಮೆ. ಅದೇ ಸರಿ ಅಂತ ಮೊದಲ ರಾತ್ರಿಯಿಂದ 20ನೆಯ ರಾತ್ರಿಯನ್ನು ಹಿಡಿದರು.

ಎಕ್ಸ್‌ಪೋಶರ್ ಕಡಿಮೆ ಮಾಡಿದರೆ ಸಾಕಲ್ಲ ಅನ್ನಿಸಬಹುದು. ಅವಳೂ ಮೊದಲು ಅದನ್ನೇ ಬರೆದಿದ್ದಳು, 2 ಸೆಕೆಂಡ್ ಅಂತ. ಆದರೆ ನಕ್ಷತ್ರ ಮಿನುಗುತ್ತದೆ. 40 ಸೆಂ.ಮೀ. ಕನ್ನಡಿಗೆ, ನಕ್ಷತ್ರ ನೆತ್ತಿಯ ಹತ್ತಿರ ಇದ್ದಾಗಲೂ, 2 ಸೆಕೆಂಡಿನ ಚಿತ್ರದಲ್ಲಿ ಮಿನುಗಿನ ಏರುಪೇರು ಸುಮಾರು ಶೇಕಡ 0.4. 30 ಸೆಕೆಂಡ್ ಇಟ್ಟರೆ ಅದು 0.1ಕ್ಕೆ ಇಳಿಯುತ್ತದೆ. ಎಕ್ಸ್‌ಪೋಶರ್ ಉದ್ದ ಇರಬೇಕು, ಪಿಕ್ಸೆಲ್ ತುಂಬಬಾರದು. ಎರಡೂ ಆಗಬೇಕಾದರೆ ಒಂದೇ ದಾರಿ: ಬೇಕಂತಲೇ ಫೋಕಸ್ ಕೆಡಿಸುವುದು. ವೃತ್ತಿಪರರು ಪ್ರಕಾಶಮಾನ ನಕ್ಷತ್ರಗಳಿಗೆ ಇದನ್ನೇ ಮಾಡುತ್ತಾರೆ.

ಮೂರು ವರ್ಷ ಚೂಪಾದ ಚಿತ್ರಕ್ಕಾಗಿ ಒದ್ದಾಡಿದವರಿಗೆ ಫೋಕಸ್ ಕೆಡಿಸು ಅಂದರೆ ಕೈ ಬರುವುದಿಲ್ಲ. ನಕ್ಷತ್ರ ಉಬ್ಬಿ ಬಳೆಯ ಆಕಾರ ತಾಳಿತು, ನಡುವೆ ಕಪ್ಪು ತೂತು. ಅದು ದೂರದರ್ಶಕದ ಎರಡನೇ ಕನ್ನಡಿಯ ನೆರಳು. ಬೆಳಕು ನೂರಾರು ಪಿಕ್ಸೆಲ್‌ಗಳಿಗೆ ಹಂಚಿಹೋಯಿತು. 30 ಸೆಕೆಂಡ್ ಇಟ್ಟರೂ ಯಾವ ಪಿಕ್ಸೆಲ್ಲೂ 20,000 ದಾಟಲಿಲ್ಲ. ಪಕ್ಕದ ಡಂಬೆಲ್ ನೆಬ್ಯುಲಾ ಗುರುತೇ ಸಿಗದ ಹಾಗೆ ಕಲಸಿಹೋಗಿತ್ತು. ಆ ರಾತ್ರಿ ಡೋಮಿಗೆ ಬಂದವರು ಬೇಗ ವಾಪಸ್ ಹೋದರು.

ತಗ್ಗಿನಿಂದ ಬೆಳಕು ಮತ್ತೆ ಏರುವ ಹೊತ್ತಿಗೆ ತೆಳು ಮೋಡ ಬಂತು. ಕೊನೆಯ ಅರ್ಧ ಗಂಟೆಯ ಚಿತ್ರಗಳು ಬಳಸುವಂತಿರಲಿಲ್ಲ. ಈ ಬಾರಿ ಯಾವ ಚಿತ್ರ ಕೈಬಿಡಬೇಕು ಅನ್ನುವ ನಿಯಮವನ್ನು, ಆಳ ಲೆಕ್ಕ ಹಾಕುವ ಮೊದಲೇ ಅವಳು ಲಾಗ್ ಪುಸ್ತಕದಲ್ಲಿ ಬರೆದಿಟ್ಟಿದ್ದಳು: ಹೋಲಿಕೆ ನಕ್ಷತ್ರದ ಬೆಳಕು ಇಂತಿಷ್ಟಕ್ಕಿಂತ ತಗ್ಗಿದರೆ ಆ ಚಿತ್ರ ಬೇಡ. ಗ್ರಹದ ನಕ್ಷತ್ರವನ್ನು ನೋಡಿ ತೀರ್ಮಾನ ಇಲ್ಲ. ಇದನ್ನು ನಾನು ಹೇಳಿರಲಿಲ್ಲ.

ಆಳ 2.36 ಬಂತು. ದೋಷಮಿತಿ 0.07.

ವರದಿ

ವರದಿಯಲ್ಲಿ ಮೊದಲ ರಾತ್ರಿಯನ್ನು ಸೇರಿಸಬೇಕೋ ಬೇಡವೋ ಅನ್ನುವುದರ ಬಗ್ಗೆ ಇಬ್ಬರಲ್ಲೂ ವಾದ ನಡೆಯಿತು. ಪುಟಗಳ ಮಿತಿ ಇತ್ತು. ಸರಿಯಾದ ಉತ್ತರ ಕೈಯಲ್ಲಿದೆ, ಕೆಟ್ಟ ರಾತ್ರಿಯ ವಿಷಯ ಯಾಕೆ ಅಂತ ಜೊತೆಗಾರ. ಅವಳು ಉಲ್ಟಾ. ಹೊರಗ್ರಹಗಳ ಬಗ್ಗೆ ಬರೆದಿದ್ದ ಉದ್ದ ಪೀಠಿಕೆಯನ್ನೇ ಅರ್ಧ ಪುಟಕ್ಕೆ ಇಳಿಸಿ, ಆ ಜಾಗದಲ್ಲಿ ದೀಪ-ಪರದೆಯ ಗ್ರಾಫ್ ಹಾಕಿದಳು. ಇಬ್ಬರು ಪರೀಕ್ಷಕರಲ್ಲಿ ಒಬ್ಬರಿಗೆ ಇದು ಹಿಡಿಸಲಿಲ್ಲ, ‘ಖಗೋಳಶಾಸ್ತ್ರ ಕಡಿಮೆಯಾಯಿತು’ ಅಂದರು. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಏನನ್ನು ಲೆಕ್ಕ ಹಾಕುತ್ತಿದೆ ಅಂತ ಗೊತ್ತಿಲ್ಲದೆ ಗ್ರಹದ ಸಾಂದ್ರತೆ ಬರೆದರೆ ಅದು ಯಾವ ಶಾಸ್ತ್ರ? ಕೊನೆಗೆ ಅಂಕ ಚೆನ್ನಾಗಿಯೇ ಬಂತು, ಅತ್ಯುತ್ತಮ ಅಲ್ಲ.

ಒಂದು ಗಂಟು ಬಿಡಿಸಿಕೊಳ್ಳದೆ ಉಳಿಯಿತು. ಎರಡನೇ ರಾತ್ರಿಯ ಗ್ರಾಫಿನಲ್ಲಿ, ತಗ್ಗಿನ ತಳದಲ್ಲಿ, ಒಂದು ಸಣ್ಣ ಉಬ್ಬಿದೆ. ಎತ್ತರ ಸುಮಾರು ಶೇಕಡ 0.15, ಹತ್ತು ನಿಮಿಷದಷ್ಟು ಅಗಲ. ಗ್ರಹ ಒಂದು ಕಪ್ಪು ಕಲೆಯ ಮೇಲೆ ಹಾದಿದ್ದರೆ ಹೀಗೇ ಕಾಣಬೇಕು. ಮೋಡ ಆಗಿದ್ದರೆ ಹೋಲಿಕೆ ನಕ್ಷತ್ರದ ಬೆಳಕೂ ಆಗ ತಗ್ಗಬೇಕಿತ್ತು, ತಗ್ಗಿಲ್ಲ. ಆದರೆ ಒಂದೊಂದು ಚಿತ್ರದ ಏರುಪೇರೇ 0.1 ಇರುವಾಗ, ಒಂದೇ ರಾತ್ರಿಯ, ಒಂದೇ ಬಣ್ಣದ ಅಳತೆಯಿಂದ ಕಲೆ ಅಂತ ಹೇಳಿಬಿಡಲು ಸಾಲದು. ಬೇರೆ ಬೇರೆ ಬಣ್ಣದ ಎರಡು ಫಿಲ್ಟರ್‌ಗಳಲ್ಲಿ ಅಳೆದು, ನೀಲಿಯಲ್ಲಿ ಉಬ್ಬು ಹೆಚ್ಚು ಎತ್ತರ ಇದೆ ಅಂತ ತೋರಿಸಿದರೆ ಮಾತು ಬೇರೆ, ಕಲೆ ಸುತ್ತಲಿನ ಮೈಗಿಂತ ತಣ್ಣಗಿರುವುದರಿಂದ ನೀಲಿಯಲ್ಲೇ ಅದು ಹೆಚ್ಚು ಕಪ್ಪಾಗಿ ಕಾಣಬೇಕು. ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿದಿತ್ತು. ತನಗೆ ಬಹಳ ಇಷ್ಟವಾಗಿದ್ದ ವಿವರಣೆಯನ್ನು ಅವಳು ವರದಿಯಲ್ಲಿ ಒಂದೇ ವಾಕ್ಯದಲ್ಲಿ, ‘ಇರಬಹುದು’ ಅಂತ ಹಾಕಿದಳು. ಕೆಳಗೆ ಎರಡು ಫಿಲ್ಟರ್‌ಗಳ ಹೆಸರು, ಪ್ರತಿಯೊಂದಕ್ಕೂ ಬೇಕಾದ ಎಕ್ಸ್‌ಪೋಶರ್, ಎಷ್ಟು ಫೋಕಸ್ ಕೆಡಿಸಬೇಕು ಅನ್ನುವ ಅಳತೆ, ಮುಂದಿನ ತಂಡ ಬಳಸಬಹುದಾದ ಟ್ರಾನ್ಸಿಟ್‌ಗಳ ಪಟ್ಟಿ. ಈ ವರ್ಷದ ತಂಡ ಆ ಪುಟವನ್ನೇ ಹಿಡಿದುಕೊಂಡು ಬಂದಿದೆ. ದೀಪ-ಪರದೆಯ ಪರೀಕ್ಷೆಯಿಂದಲೇ ಶುರು ಮಾಡಿದ್ದಾರೆ.